ಕುಕ್ಕೆಯಲ್ಲಿ ಇಳಿದು ಪುತ್ತೂರಿನಲ್ಲಿ ಹತ್ತಿ: ಮೂರು ತಾಲೂಕುಗಳ ಒಂದು ದಿನ

ಅಂಡಮಾನಿಗೋ ಬಾಲಿಗೋ ಹೋಗಿ ಬಂದವರು ತೋರಿಸುವ ಫೋಟೋಗಳನ್ನು ಗಮನಿಸಿ. ತೆಂಗು, ಬಾಳೆ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೊಕ್ಕೋ ತೋಟ, ಕಾಡಿನೊಳಗಿನ ಒಂದು ಜಲಪಾತ, ಹಳೆಯ ದೇವಸ್ಥಾನ, ಎಲೆಯಲ್ಲಿ ಬೇಯಿಸಿದ ತಿಂಡಿ. ಸಮುದ್ರವೊಂದನ್ನು ಬಿಟ್ಟರೆ ಇವೆಲ್ಲವೂ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಸಿಗುತ್ತವೆ. ಸಿಗದಿರುವುದು ಅಲ್ಲಿನಂತೆ ಹೋಟೆಲಿನವರೇ ಕಟ್ಟಿಕೊಡುವ ‘ಒಂದು ದಿನದ ಪ್ಯಾಕೇಜ್’ ಮಾತ್ರ. ಇಲ್ಲಿ ದಿನವನ್ನು ನಾವೇ ಕಟ್ಟಿಕೊಳ್ಳಬೇಕು. ಹಾಗೆ ಕಟ್ಟಿಕೊಳ್ಳುವ ಗೋಜಿಗೆ ಹೋಗದೆ ಹೆಚ್ಚಿನವರು ಕುಕ್ಕೆ ಸುಬ್ರಹ್ಮಣ್ಯಕ್ಕೆ ಬಂದು, ಸಾಲಿನಲ್ಲಿ ನಿಂತು, ಕೈಮುಗಿದು, ಬಂದ ದಾರಿಯಲ್ಲೇ ವಾಪಸು ಹೋಗುತ್ತಾರೆ.

ಈ ಭಾಗದಲ್ಲಿ ಯಾವುದೂ ಬಹಳ ದೂರವಿಲ್ಲ. ಸುಬ್ರಹ್ಮಣ್ಯದಿಂದ ಸುಳ್ಯಕ್ಕೆ ಸುಮಾರು 40 ಕಿಲೋಮೀಟರ್, ಸುಳ್ಯದಿಂದ ಪುತ್ತೂರಿಗೆ ಸುಮಾರು 37. ಆದರೆ ದಾರಿ ತಿರುವು ಮುರುವಿನದು, ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಒಳ ಊರುಗಳಿಗೆ ಬಸ್ಸು ತನ್ನ ಹೊತ್ತಿಗೆ ಮಾತ್ರ ಬರುತ್ತದೆ. ಆದ್ದರಿಂದ ಕಿಲೋಮೀಟರ್ ಎಣಿಸಿ ಯೋಜನೆ ಹಾಕಿದವರು ಮಧ್ಯಾಹ್ನ ಎರಡು ಗಂಟೆಗೆ ಮುಚ್ಚಿದ ಬಾಗಿಲಿನೆದುರು ನಿಂತಿರುತ್ತಾರೆ. ಗಂಟೆ ಎಣಿಸಿ ಹಾಕಿದವರಿಗೆ ಮೂರು ತಾಲೂಕೂ ಒಂದೇ ದಿನದಲ್ಲಿ ದಕ್ಕುತ್ತದೆ. ನನ್ನ ಸಲಹೆ ಇಷ್ಟು: ರೈಲಿನಲ್ಲಿ ಬಂದು ಮೂಡಣ ತುದಿಯಲ್ಲಿ ಇಳಿಯಿರಿ, ಬಿಸಿಲಿನ ಜೊತೆಗೇ ಪಡುವಣಕ್ಕೆ ಸಾಗಿ, ರಾತ್ರಿ ಇನ್ನೊಂದು ತುದಿಯಲ್ಲಿ ರೈಲು ಹತ್ತಿ.

ಬೆಳಗ್ಗೆ: ನೆಟ್ಟಣದಿಂದ ಕುಕ್ಕೆಗೆ

ಬೆಂಗಳೂರಿನಿಂದ ಮಂಗಳೂರು ಕಡೆಗೆ ಬರುವ ರಾತ್ರಿ ರೈಲುಗಳು ಸಕಲೇಶಪುರ ದಾಟಿ ಘಾಟಿ ಇಳಿದು ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಬೆಳಗಿನ ಜಾವ ತಲುಪುತ್ತವೆ. ಹೆಸರು ನೋಡಿ ದೇವಸ್ಥಾನ ಪಕ್ಕದಲ್ಲೇ ಇದೆ ಎಂದುಕೊಳ್ಳಬೇಡಿ. ನಿಲ್ದಾಣ ಇರುವುದು ನೆಟ್ಟಣದಲ್ಲಿ. ಕುಕ್ಕೆಗೆ ಅಲ್ಲಿಂದ ಹನ್ನೆರಡು ಕಿಲೋಮೀಟರಿನಷ್ಟು ಹೋಗಬೇಕು. ರೈಲಿನ ಹೊತ್ತಿಗೆ ಬಸ್ಸು, ಜೀಪು, ಟ್ಯಾಕ್ಸಿ ಕಾದಿರುತ್ತವೆ. ಈ ಮಾರ್ಗ ಮೀಟರ್‌ಗೇಜಾಗಿ ತೆರೆದದ್ದು 1979ರಲ್ಲಿ. ಬ್ರಾಡ್‌ಗೇಜ್ ಆಗಿ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಸಕಲೇಶಪುರದಿಂದ ಇಲ್ಲಿಗೆ 57 ಸುರಂಗಗಳು. ರಾತ್ರಿ ರೈಲಿನಲ್ಲಿ ಅವು ಕಾಣುವುದಿಲ್ಲ. ಅವನ್ನು ನೋಡಲೇಬೇಕು ಎನ್ನುವವರಿಗೆ ಯಶವಂತಪುರ–ಮಂಗಳೂರು ಹಗಲು ರೈಲಿದೆ. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಅದಕ್ಕೆ 2021ರ ಜುಲೈಯಿಂದ ಸೇರಿದೆ. ಆದರೆ ಅದರಲ್ಲಿ ಬಂದರೆ ದಿನವೆಲ್ಲ ರೈಲಿನಲ್ಲೇ ಕಳೆಯುತ್ತದೆ, ಈ ಯೋಜನೆ ನಡೆಯುವುದಿಲ್ಲ.

ಕುಕ್ಕೆ ಈಗ ಕಡಬ ತಾಲೂಕಿನಲ್ಲಿದೆ. ಪುತ್ತೂರು ಮತ್ತು ಸುಳ್ಯದ ಗ್ರಾಮಗಳನ್ನು ಕೂಡಿಸಿ ಮಾಡಿದ ಹೊಸ ತಾಲೂಕು ಅದು. ಹಳೆಯ ನಕ್ಷೆ, ಹಳೆಯ ಪುಸ್ತಕ ಹಿಡಿದುಕೊಂಡವರು ಸುಳ್ಯ ತಾಲೂಕಿನಲ್ಲಿ ಹುಡುಕುತ್ತಿರುತ್ತಾರೆ. ಮೊದಲು ಕುಮಾರಧಾರೆಯ ಸ್ನಾನಘಟ್ಟ, ಆಮೇಲೆ ದೇವಸ್ಥಾನ ಎನ್ನುವುದು ಇಲ್ಲಿನ ಕ್ರಮ. ಮಳೆಗಾಲದಲ್ಲಿ ನದಿ ಏರಿ ಸ್ನಾನಘಟ್ಟವೇ ಮುಳುಗುವುದುಂಟು. ಆಗ ಇಳಿಯಬೇಡಿ ಎಂದು ತಡೆಯುವ ಕಾವಲಿನವರೊಡನೆ ವಾದಿಸುವುದು ಬೇಡ. ಘಟ್ಟದ ಮೇಲೆ ಮೋಡ ಒಡೆದರೆ ಇಲ್ಲಿ ಒಂದು ಹನಿ ಬೀಳದಿದ್ದರೂ ನೀರು ಏರುತ್ತದೆ.

ದೇವಸ್ಥಾನದಲ್ಲಿ ಭಕ್ತರು ಹಿಂಬದಿಯಿಂದ ಒಳಹೊಕ್ಕು, ಅಂಗಳದ ಸುತ್ತ ನಡೆದು ದೇವರೆದುರಿಗೆ ಬರುತ್ತಾರೆ. ಗರ್ಭಗುಡಿಯ ಮುಂದೆ ಬೆಳ್ಳಿ ಹೊದಿಸಿದ ಗರುಡಗಂಬವಿದೆ. ವಾಸುಕಿಯ ಉಸಿರಿನ ವಿಷ ಭಕ್ತರಿಗೆ ತಾಗದಿರಲೆಂದು ನೆಟ್ಟದ್ದು ಎನ್ನುವುದು ನಂಬಿಕೆ. ಪ್ರಸಾದವಾಗಿ ಸಿಗುವುದು ಹುತ್ತದ ಮಣ್ಣು, ಮೂಲಮೃತ್ತಿಕೆ. ಸೇವೆ ಮಾಡಿಸಬೇಕೆನ್ನುವವರಿಗೆ ಒಂದು ಮಾತು: ಸರ್ಪಸಂಸ್ಕಾರ ಎರಡು ದಿನದ ಕರ್ಮ, ಮುಂಗಡ ಕಾಯ್ದಿರಿಸಬೇಕು, ಅದಕ್ಕೂ ಸುತ್ತಾಟಕ್ಕೂ ಹೊಂದುವುದಿಲ್ಲ. ಮಾರ್ಗಶಿರ ಶುದ್ಧ ಷಷ್ಠಿಯ ಜಾತ್ರೆಯ ಆಸುಪಾಸಿನ ದಿನಗಳಲ್ಲೂ ಹಾಗೆಯೇ. ಮಲೆಕುಡಿಯರು ಬೆತ್ತ ಬಿದಿರಿನಲ್ಲಿ ಕಟ್ಟುವ ರಥವನ್ನು ನೋಡಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ, ತಿರುಗಾಡಲು ಅದಕ್ಕಿಂತ ಕೆಟ್ಟ ಸಮಯವೂ ಇಲ್ಲ.

ಬೆಳಗಿನ ತಿಂಡಿಗೆ ಇಡ್ಲಿ ದೋಸೆ ಬಿಟ್ಟು ಸಜ್ಜಿಗೆ ಅವಲಕ್ಕಿ ಕೇಳಿ. ಬಿಸಿ ಉಪ್ಪಿಟ್ಟಿನ ಮೇಲೆ ಒಗ್ಗರಣೆಯ ತೆಳು ಅವಲಕ್ಕಿ ಉದುರಿಸಿ ಕೊಡುತ್ತಾರೆ, ಬೆರೆಸಿ ತಿನ್ನಬೇಕು. ಬನ್ಸ್ ಇದ್ದರೆ ಅದೂ ಇರಲಿ. ಬಾಳೆಹಣ್ಣು ಸೇರಿಸಿ ಹುಳಿ ಬರಿಸಿದ ಮೈದಾದ ಪೂರಿ ಅದು, ಬೇಕರಿಯ ಬನ್ನಲ್ಲ. ಒಂಬತ್ತೂವರೆಗೆ ಕುಕ್ಕೆ ಬಿಡುವುದು ಒಳ್ಳೆಯದು. ಹೊರಡುವಾಗ ಒಮ್ಮೆ ತಲೆಯೆತ್ತಿ ಕುಮಾರಪರ್ವತ ನೋಡಿ: 1712 ಮೀಟರ್. ಹತ್ತುವ ಆಸೆಯಾದರೆ ಬೇರೆ ಪ್ರವಾಸ ಇಟ್ಟುಕೊಳ್ಳಿ, ಅರಣ್ಯ ಇಲಾಖೆಯ ಅನುಮತಿಯೂ ಬೇಕು.

ಹನ್ನೊಂದರ ಮೇಲೆ: ಇನ್ನೊಂದು ನದಿಯ ಸೀಮೆ

ಗುತ್ತಿಗಾರು, ಎಲಿಮಲೆಯ ದಾರಿಯಲ್ಲಿ ಸುಳ್ಯಕ್ಕೆ ಬರುವಾಗ ಕಿಟಕಿಯ ಕಡೆ ಕುಳಿತುಕೊಳ್ಳಿ. ಡಿಸೆಂಬರಿನಿಂದ ಬೇಸಗೆಯವರೆಗೆ ಮನೆಮನೆಯ ಅಂಗಳದಲ್ಲಿ ಕಿತ್ತಳೆ ಬಣ್ಣದ ಹಣ್ಣಡಿಕೆ ಹರವಿರುತ್ತದೆ. ಸಿಪ್ಪೆ ಸಮೇತ ನಲವತ್ತು ದಿನಕ್ಕೂ ಮೇಲೆ ಬಿಸಿಲು ಕುಡಿದು, ಆಮೇಲೆ ಸುಲಿಸಿಕೊಂಡು ‘ಚಾಲಿ’ಯಾಗುತ್ತದೆ. ಮಲೆನಾಡಿನಂತೆ ಬೇಯಿಸಿ ಕೆಂಪು ಮಾಡುವ ರೂಢಿ ಇಲ್ಲಿಲ್ಲ. ಮಳೆಗಾಲ ದಾಟಿಸಿ ಇಟ್ಟದ್ದು ‘ಹಳೆ ಅಡಿಕೆ’. ಅದರ ಬೆಲೆಯೇ ಬೇರೆ, ಇಡುವ ತಾಳ್ಮೆ ಮತ್ತು ಜಾಗ ಇದ್ದವರಿಗೆ ಮಾತ್ರ. ಈ ಊರುಗಳ ಮನೆ, ಮದುವೆ, ಮಕ್ಕಳ ಓದು ಎಲ್ಲ ನಿಂತಿರುವುದು ಈ ಅಂಗಳದ ಮೇಲೆ. ಹಳದಿ ರೋಗ ಹೊಡೆದ ಸಂಪಾಜೆ, ಅರಂತೋಡು ಕಡೆಯ ತೋಟಗಳನ್ನು ನೋಡಿದರೆ ಅದು ಎಷ್ಟು ತೆಳುವಾದ ಆಧಾರ ಎಂಬುದೂ ತಿಳಿಯುತ್ತದೆ. ಪ್ರವಾಸಿಗರಿಗೆ ಅಡಿಕೆ ಜಗಿದು ನೋಡಿ ಎಂದು ನಾನು ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಅಡಿಕೆಯ ನಡುನಡುವೆ ಸಾಲಾಗಿ ಕಾಣುವ, ಬುಡದಲ್ಲಿ ಬಟ್ಟಲು ಕಟ್ಟಿದ ಮರಗಳು ರಬ್ಬರಿನವು. ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಿಗೂ ಒಂದು ದ್ವೀಪಕ್ಕೂ ನಂಟಿದೆ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಮರಳಿಬಂದ ತಮಿಳು ಕುಟುಂಬಗಳಲ್ಲಿ ಹಲವಕ್ಕೆ ಅರಣ್ಯ ಅಭಿವೃದ್ಧಿ ನಿಗಮದ ಈ ತೋಟಗಳಲ್ಲಿ ಕೆಲಸ ಕೊಟ್ಟರು. ಹೀಗಾಗಿ ಸುಳ್ಯದ ಪೇಟೆಯಲ್ಲಿ ತುಳು, ಅರೆಭಾಷೆ, ಹವ್ಯಕ ಕನ್ನಡ, ಮಲಯಾಳ, ಬ್ಯಾರಿಗಳ ಜೊತೆಗೆ ತಮಿಳೂ ಕಿವಿಗೆ ಬೀಳುತ್ತದೆ.

ಸುಳ್ಯದಿಂದ ಮಡಿಕೇರಿ ದಾರಿಯಲ್ಲಿ ಅರಂತೋಡಿಗೆ ಬಂದು ಒಳಕ್ಕೆ ತಿರುಗಿದರೆ ತೊಡಿಕಾನ. ಸುಳ್ಯದಿಂದ ಒಟ್ಟು 20 ಕಿಲೋಮೀಟರಿನ ಆಸುಪಾಸು. ಸ್ವಂತ ವಾಹನ ಇಲ್ಲದವರು ಅರಂತೋಡಿನಲ್ಲಿ ಆಟೊ ಮಾಡಿಕೊಳ್ಳಬೇಕು, ಮತ್ತು ಹೋಗಿ ಬರುವ ಬಾಡಿಗೆಯನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಬೇಕು. ಒಳಗಡೆ ಮತ್ತೊಂದು ಆಟೊ ಸಿಗುವ ಖಾತ್ರಿಯಿಲ್ಲ. ಮಲ್ಲಿಕಾರ್ಜುನ ದೇವಸ್ಥಾನದ ಬಳಿಯ ಹೊಳೆಯಲ್ಲಿ ಮೊಳದುದ್ದದ ದೇವರಮೀನುಗಳಿವೆ, ಮಹಶೀರ್ ಜಾತಿಯವು. ಅವು ಇಲ್ಲೇ ಏಕೆ ಗುಂಪುಗೂಡುತ್ತವೆ ಎಂದರೆ ಉತ್ತರ ಸರಳ: ಇಲ್ಲಿ ಯಾರೂ ಹಿಡಿಯುವುದಿಲ್ಲ. ತಲೆಮಾರುಗಳಿಂದ ಈ ಒಂದು ತುಂಡು ಹೊಳೆಗೆ ಬಲೆ ಬಿದ್ದಿಲ್ಲ, ನೀರು ತಂಪಾಗಿ ಹರಿಯುತ್ತದೆ, ಮೇಲೆ ಮರದ ನೆರಳಿದೆ, ದಿನವೂ ಅಕ್ಕಿ ಅರಳು ಬೀಳುತ್ತದೆ. ಮೀನುಗಾರಿಕೆ ನಿಷೇಧ ಎಂದು ಸರ್ಕಾರ ಹಲಗೆ ನೆಡುವ ಎಷ್ಟೋ ಮೊದಲು ಜನರೇ ನಡೆಸಿಕೊಂಡು ಬಂದ ರಕ್ಷಣೆ ಇದು. ಒಂದು ಹಿಡಿ ಹಾಕಿದರೆ ಸಾಕು. ತಂದ ಪ್ಲಾಸ್ಟಿಕ್ ತೊಟ್ಟೆಯನ್ನು ಹೊಳೆಗೆ ಬಿಡಬೇಡಿ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ. ಬೆಳಗ್ಗೆ ನೀವು ಮಿಂದ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಮಂಗಳೂರಿನಲ್ಲಿ ಕಡಲಿಗೆ ಬೀಳುತ್ತದೆ. ಈ ಮೀನುಗಳ ನೀರು ಪಯಸ್ವಿನಿಗೆ ಸೇರಿ, ಸುಳ್ಯ ದಾಟಿ, ಚಂದ್ರಗಿರಿ ಹೊಳೆಯಾಗಿ ಕಾಸರಗೋಡಿಗೆ ಹೋಗುತ್ತದೆ. ಎರಡು ಗಂಟೆಯ ಪ್ರಯಾಣದಲ್ಲಿ ಒಂದು ನದಿಯ ಸೀಮೆಯಿಂದ ಇನ್ನೊಂದಕ್ಕೆ ದಾಟಿರುತ್ತೀರಿ, ದಾರಿಯಲ್ಲಿ ಯಾವ ಬೋರ್ಡೂ ಅದನ್ನು ಹೇಳುವುದಿಲ್ಲ.

ದೇವಸ್ಥಾನದಿಂದ ತೋಟ ಕಾಡುಗಳ ನಡುವೆ ಸ್ವಲ್ಪ ನಡೆದರೆ ದೇವರಗುಂಡಿ ಜಲಪಾತ. ಅಕ್ಟೋಬರಿನಿಂದ ಜನವರಿಯವರೆಗೆ ಅದರ ಚೆಂದ. ಮಳೆಗಾಲದಲ್ಲಿ ಜಾರುವ ಬಂಡೆ ಮತ್ತು ಉಂಬುಳ, ಏಪ್ರಿಲಿನಲ್ಲಿ ನೂಲಿನಂಥ ನೀರು. ಊರವರಿಗೆ ಅದು ದೇವರ ನೀರು, ಈಜುಕೊಳವಲ್ಲ. ನೋಡಿ ಬನ್ನಿ, ಗದ್ದಲ ಬೇಡ.

ಊಟಕ್ಕೆ ಸುಳ್ಯಕ್ಕೆ ಹಿಂದಿರುಗಿ. ಮಾಂಸಾಹಾರಿಗಳು ಕುಚ್ಚಲಕ್ಕಿ ಅನ್ನದ ಜೊತೆ ಬಂಗುಡೆ ಪುಳಿಮುಂಚಿಯನ್ನೋ ಕೋರಿರೊಟ್ಟಿಯನ್ನೋ ಕೇಳಬಹುದು. ಕೋರಿರೊಟ್ಟಿ ತಿನ್ನಲೂ ಒಂದು ಕ್ರಮವಿದೆ: ಗರಿಗರಿ ರೊಟ್ಟಿಯನ್ನು ಮುರಿದು ಹಾಕಿ, ಮೇಲೆ ಕೋಳಿಯ ಸಾರು ಸುರಿದು, ಒಂದೆರಡು ನಿಮಿಷ ಬಿಡಬೇಕು. ಪೂರ್ತಿ ನೆನೆದರೆ ಗಂಜಿ, ನೆನೆಯದಿದ್ದರೆ ಬಾಯಿ ಗೀರುತ್ತದೆ. ಸಸ್ಯಾಹಾರಿ ಹೋಟೆಲುಗಳ ಊಟ ಸಾಧಾರಣ. ಈ ಭಾಗದ ನಿಜವಾದ ಸಸ್ಯಾಹಾರ, ಅಂದರೆ ತಂಬುಳಿ, ಮೇಲಾರ, ಕಾಟುಮಾವಿನ ಸಾಸಮೆ, ಕಣಿಲೆ ಪಲ್ಯ, ಪತ್ರೊಡೆ, ಮನೆಗಳಲ್ಲಿ ಮತ್ತು ಮದುವೆ ಮುಂಜಿಯ ಜಂಬ್ರಗಳಲ್ಲಿ ಇದೆಯೇ ಹೊರತು ಹೋಟೆಲಿನ ಪಟ್ಟಿಯಲ್ಲಿ ಇಲ್ಲ. ಪರಿಚಯದವರು ಯಾರಾದರೂ ಇದ್ದರೆ ಸಂಕೋಚ ಬಿಟ್ಟು ಊಟಕ್ಕೆ ಬರುತ್ತೇವೆ ಎನ್ನಿ.

ಮಧ್ಯಾಹ್ನದ ಬಿಸಿಲಿಗೆ ಪುನರ್ಪುಳಿ ಶರಬತ್ತು ಅಥವಾ ಬೊಂಡ. ಇಲ್ಲಿ ಎಳನೀರು ಎಂದರೂ ಅರ್ಥವಾಗುತ್ತದೆ, ಬೊಂಡ ಎಂದರೆ ಬೇಗ ಸಿಗುತ್ತದೆ.

ಸುಳ್ಯದಿಂದ ಪುತ್ತೂರಿಗೆ ಹೋಗುವ ಮಾಣಿ–ಮೈಸೂರು ಹೆದ್ದಾರಿ ಚೆನ್ನಾಗಿದೆ, ಸರ್ಕಾರಿ ಬಸ್ಸುಗಳು ಧಾರಾಳ. ಕಾರಿನವರು ಬೇಕಾದರೆ ಬೆಳ್ಳಾರೆಯ ದಾರಿ ಹಿಡಿಯಬಹುದು. 1837ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಅಮರ ಸುಳ್ಯದ ರೈತರ ದಂಡು ಮೊದಲು ಕೈಹಾಕಿದ್ದು ಬೆಳ್ಳಾರೆಯ ಖಜಾನೆಗೆ. ಅಲ್ಲಿಂದ ಪುತ್ತೂರು ದಾಟಿ ಮಂಗಳೂರಿನವರೆಗೂ ಹೋಗಿ ಬಾವುಟ ಏರಿಸಿತು. ಅದಕ್ಕೆ ಮೂರು ವರ್ಷ ಹಿಂದಷ್ಟೇ ಈ ಸೀಮೆಯನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿದ್ದರು.

ಮೂರೂವರೆಗೆ ಪುತ್ತೂರು

ಪುತ್ತೂರಿನಲ್ಲಿ ಮೊದಲು ಪರ್ಲಡ್ಕದ ಬಾಲವನಕ್ಕೆ ಹೋಗಿ, ಕಚೇರಿ ವೇಳೆ ಮುಗಿಯುವುದರೊಳಗೆ. ಶಿವರಾಮ ಕಾರಂತರು ಬದುಕಿನ ಬಹುಭಾಗವನ್ನು ಕಳೆದ ಗುಡ್ಡದ ಮೇಲಿನ ಮನೆ ಅದು. ಮಕ್ಕಳ ಶಿಕ್ಷಣದ ಪ್ರಯೋಗ, ನಾಟಕ, ಯಕ್ಷಗಾನ, ಮಕ್ಕಳ ವಿಶ್ವಕೋಶ ಎಲ್ಲವೂ ಈ ಗುಡ್ಡದಿಂದ ಹೊರಟವು. ದೊಡ್ಡ ವಸ್ತುಸಂಗ್ರಹಾಲಯದ ನಿರೀಕ್ಷೆಯಿಂದ ಹೋದವರಿಗೆ ಸಣ್ಣದೆನಿಸೀತು. ಕಾರಂತರನ್ನು ಓದಿದವರಿಗೆ ಆ ಮನೆಯ ಜಗಲಿಯೇ ಸಾಕು. ರೈಲಿನಲ್ಲಿ ಓದಲು ‘ಬೆಟ್ಟದ ಜೀವ’ ಹಿಡಿದುಕೊಂಡು ಬಂದಿದ್ದರೆ ಇನ್ನೂ ಒಳ್ಳೆಯದು. ಬೆಳಗ್ಗೆ ನೀವು ದಾಟಿ ಬಂದ ಕುಮಾರಪರ್ವತದ ತಪ್ಪಲೇ ಆ ಕಾದಂಬರಿಯ ನೆಲ.

ಬಳಿಕ ಪೇಟೆ. ಸೋಮವಾರವಾದರೆ ಕಿಲ್ಲೆ ಮೈದಾನದಲ್ಲಿ ಸಂತೆ. ಬೇರೆ ದಿನವಾದರೂ ಕೊಳ್ಳಲು ಇಲ್ಲಿ ಬೇಕಾದಷ್ಟಿದೆ. ಹೊರಗಿನವರು ಬೆರಗಾಗುವುದು ಚಾಕೊಲೇಟಿಗೆ, ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ.

ಅಡಿಕೆಯ ನೆರಳಿನಲ್ಲಿ ಬೆಳೆಯುವ ಕೊಕ್ಕೋ 1970ರ ದಶಕದಲ್ಲಿ ಇಲ್ಲಿ ಉಪಬೆಳೆಯಾಗಿ ಹಬ್ಬಿತು. ಹತ್ತು ವರ್ಷದೊಳಗೆ ಜಾಗತಿಕ ಬೆಲೆ ಕುಸಿದು, ಕೊಳ್ಳುತ್ತಿದ್ದ ಖಾಸಗಿಯವರು ಹಿಂದೆ ಸರಿದಾಗ ರೈತರ ಕೈಯಲ್ಲಿ ಉಳಿದದ್ದು ಕೊಳೆಯುವ ಹಣ್ಣು. ಆಗ ಖರೀದಿಗೆ ಇಳಿದದ್ದು ಕ್ಯಾಂಪ್ಕೊ. ಅಡಿಕೆ ಬೆಳೆಗಾರರಿಗಾಗಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರ ಜುಲೈ 11ರಂದು ಹುಟ್ಟಿದ ಸಹಕಾರಿ ಸಂಸ್ಥೆ ಅದು. ಕೊಂಡದ್ದನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಉತ್ತರವಾಗಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿದರು. 1986ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು.

ಕೊಕ್ಕೋದ ಕಾಯಿ ಗೆಲ್ಲಿನ ತುದಿಯಲ್ಲಲ್ಲ, ಹಲಸಿನ ಹಾಗೆ ಕಾಂಡಕ್ಕೇ ಅಂಟಿಕೊಂಡು ಬಿಡುತ್ತದೆ. ಒಡೆದರೆ ಬಿಳಿ ಲೋಳೆಯಲ್ಲಿ ಬೀಜಗಳು. ಲೋಳೆ ಸಿಹಿ, ಬೀಜ ಕಹಿ. ಚಾಕೊಲೇಟಿನ ವಾಸನೆ ಎರಡರಲ್ಲೂ ಇಲ್ಲ. ಹಸಿ ಬೀಜವನ್ನು ಐದಾರು ದಿನ ಮುಚ್ಚಿಟ್ಟು ಹುಳಿ ಬರಿಸಬೇಕು. ಆ ಬಿಸಿಗೆ ಬೀಜದ ಮೊಳಕೆ ಸಾಯುತ್ತದೆ, ಕಹಿ ಇಳಿಯುತ್ತದೆ, ಪರಿಮಳದ ಬುನಾದಿ ಬೀಳುತ್ತದೆ. ಆಮೇಲೆ ಒಣಗಿಸುವುದು, ಹುರಿಯುವುದು, ಸಿಪ್ಪೆ ತೆಗೆದು ಅರೆಯುವುದು, ಒತ್ತಿ ಬೆಣ್ಣೆ ಬೇರ್ಪಡಿಸುವುದು, ಸಕ್ಕರೆ ಹಾಲಿನೊಡನೆ ಗಂಟೆಗಟ್ಟಲೆ ತಿರುವುವುದು. ಹುಳಿ ಬರಿಸುವುದು ಕೆಟ್ಟರೆ ಮುಂದಿನ ಯಾವ ಯಂತ್ರವೂ ಅದನ್ನು ಸರಿಮಾಡಲಾರದು. ಕಾರ್ಖಾನೆ ಕೆಲಸದ ಜಾಗ, ಪ್ರವಾಸಿ ತಾಣವಲ್ಲ. ಚಾಕೊಲೇಟನ್ನು ಪೇಟೆಯಲ್ಲಿ ಕೊಂಡರಾಯಿತು. ಬೇಸಗೆಯಲ್ಲಿ ಕರಗುತ್ತದೆ, ಬ್ಯಾಗಿನ ನಡುವೆ ಬಟ್ಟೆ ಸುತ್ತಿ ಇಡಿ.

ಗೇರುಬೀಜ ಕೊಳ್ಳುವಾಗ ಪೊಟ್ಟಣದ ಮೇಲೆ ಡಬ್ಲ್ಯೂ 240, ಡಬ್ಲ್ಯೂ 320 ಎಂದಿರುತ್ತದೆ. ಒಂದು ಪೌಂಡಿಗೆ ಹೆಚ್ಚೆಂದರೆ ಎಷ್ಟು ಬೀಜ ತೂಗುತ್ತವೆ ಎಂಬ ಲೆಕ್ಕ ಅದು. ಸಂಖ್ಯೆ ಚಿಕ್ಕದಾದಷ್ಟು ಬೀಜ ದೊಡ್ಡದು, ಬೆಲೆಯೂ ದೊಡ್ಡದು. ರುಚಿಯಲ್ಲಿ ಭೇದವಿಲ್ಲ, ಪಾಯಸಕ್ಕಾದರೆ ತುಂಡು ಬೀಜವೇ ಲಾಭ. ಗೇರು ಸಂಶೋಧನೆಯ ರಾಷ್ಟ್ರೀಯ ಕೇಂದ್ರವೂ ಪುತ್ತೂರಿನ ಮೊಟ್ಟೆತ್ತಡ್ಕದಲ್ಲೇ ಇದೆ, ಅದೂ 1986ರದೇ.

ಜೇನು ತೆಳ್ಳಗಿದೆ ಎಂದು ದೂರಬೇಡಿ. ಇಲ್ಲಿನ ತುಡುವೆ ಜೇನಿನಲ್ಲಿ, ಗಾಳಿಯ ತೇವದಿಂದಾಗಿ, ನೀರಿನಂಶ ಸ್ವಾಭಾವಿಕವಾಗಿಯೇ ಹೆಚ್ಚು. ದಪ್ಪವೇ ಶುದ್ಧತೆಯ ಗುರುತು ಎನ್ನುವುದು ಬಾಟಲಿ ಜಾಹೀರಾತು ಕಲಿಸಿದ ಪಾಠ. ಜೇನು ವ್ಯವಸಾಯಗಾರರ ಸಹಕಾರಿ ಸಂಘದ್ದನ್ನೋ ಗುರುತಿನ ಕೃಷಿಕರದ್ದನ್ನೋ ತೆಗೆದುಕೊಳ್ಳಿ, ಬೇಗ ಬಳಸಿ ಮುಗಿಸಿ. ಹಲಸಿನ ಹಪ್ಪಳ, ಬೇಳೆ ಸಾಂತಾಣಿ, ಮಾಂಬಳ, ಒಣ ಪುನರ್ಪುಳಿ ಸಿಪ್ಪೆ ಇವೆಲ್ಲ ಏಪ್ರಿಲ್ ಮೇ ಬಿಸಿಲಿನಲ್ಲಿ ತಯಾರಾಗುವಂಥವು. ಮೇ ಕೊನೆಗೆ ಹೊಸತು ಸಿಗುತ್ತದೆ. ಅಕ್ಟೋಬರಿನಲ್ಲಿ ಸಿಕ್ಕಿದ್ದು ಮಳೆಗಾಲ ಕಂಡ ಸರಕು, ಮೂಸಿ ನೋಡಿ ಕೊಳ್ಳಿ.

ಸಂಜೆ ಮಹಾಲಿಂಗೇಶ್ವರ ದೇವಸ್ಥಾನ. ಎದುರಿನ ವಿಶಾಲವಾದ ದೇವರಮಾರು ಗದ್ದೆಯಲ್ಲೇ ಕೋಟಿ-ಚೆನ್ನಯ ಜೋಡುಕರೆ ಕಂಬಳ ನಡೆಯುವುದು, ಜಾತ್ರೆಗೆ ಜನ ಸೇರುವುದು. ಪುತ್ತೂರಿನ ಜಾತ್ರೆಯ ತಾರೀಖು ಪಂಚಾಂಗ ನೋಡದೆಯೂ ಹೇಳಬಹುದು: ಏಪ್ರಿಲ್ 10ಕ್ಕೆ ಧ್ವಜಾರೋಹಣ, 17ಕ್ಕೆ ಬ್ರಹ್ಮರಥೋತ್ಸವ. ತುಳುನಾಡು ತಿಂಗಳನ್ನು ಸೂರ್ಯನಿಂದ ಎಣಿಸುವುದರಿಂದ ದಿನ ಜಾರುವುದಿಲ್ಲ. ಕುಕ್ಕೆಯ ಚಾಂದ್ರಮಾನದ ಷಷ್ಠಿಯಾದರೆ ವರ್ಷ ವರ್ಷವೂ ಹಿಂದೆ ಮುಂದೆ ಆಗುತ್ತದೆ. ಪೂಜೆ ಮುಗಿಸಿ ಗೋಳಿಬಜೆ, ಚಟ್ನಿ, ಒಂದು ಚಾ. ರಾತ್ರಿಗೆ ನೀರುದೋಸೆ ಸಿಕ್ಕರೆ ಹಗುರ. ಕಬಕ ಪುತ್ತೂರು ನಿಲ್ದಾಣ ಪೇಟೆಯ ಪಕ್ಕದಲ್ಲೇ ಇದೆ, ಬೆಂಗಳೂರಿನ ರಾತ್ರಿ ರೈಲು ಅಲ್ಲಿ ನಿಲ್ಲುತ್ತದೆ.

ಬಸ್ಸನ್ನೇ ನಂಬಿದವರಿಗೆ ಇಷ್ಟೆಲ್ಲ ಒಂದು ದಿನದಲ್ಲಿ ಆಗದು. ಅವರು ತೊಡಿಕಾನ ಬಿಟ್ಟು ಬಾಲವನ ಇಟ್ಟುಕೊಳ್ಳಲಿ, ಅಥವಾ ಬಾಲವನ ಬಿಟ್ಟು ತೊಡಿಕಾನ. ಮಕ್ಕಳಿದ್ದರೆ ಮೀನಿನ ಕಡೆಗೇ ನನ್ನ ಮತ.

ಯಾವಾಗ ಬರಬೇಕು? ಅಕ್ಟೋಬರ್ ಕೊನೆಯಿಂದ ಜನವರಿ ಉತ್ತಮ. ಹಪ್ಪಳ, ಹಲಸು, ಕಾಟುಮಾವಿನ ಆಸೆಯಿದ್ದರೆ ಸೆಖೆ ಸಹಿಸಿಕೊಂಡು ಮೇ. ಮಳೆ ನೋಡಲೆಂದೇ ಬರುವವರೂ ಇದ್ದಾರೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಬೀಳುವ ಜಿಲ್ಲೆಯಲ್ಲಿ ಅದು ನ್ಯಾಯವಾದ ಆಸೆಯೇ. ಹೊಸ್ಮಠದ ಮುಳುಗು ಸೇತುವೆಯ ಮೇಲೆ ಗುಂಡ್ಯ ಹೊಳೆ ಹರಿದು ಉಪ್ಪಿನಂಗಡಿ–ಕಡಬ ದಾರಿ ಕಡಿದುಹೋಗುತ್ತಿದ್ದ ಕಾಲ ಎತ್ತರದ ಸೇತುವೆ ಬಂದ ಮೇಲೆ ಮುಗಿದಿದೆ. ಘಾಟಿಗಳ ಕಥೆ ಮುಗಿದಿಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಸುಳ್ಯ–ಮಡಿಕೇರಿ ರಸ್ತೆ ಮುಚ್ಚಿತು, 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಬಳಿ ಮಣ್ಣು ಜಾರಿ ರೈಲು ಸಂಚಾರವೇ ನಿಂತಿತು. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಹೊರಡುವವರು ರೈಲು ಓಡುತ್ತಿದೆಯೇ, ಶಿರಾಡಿ ಮತ್ತು ಸಂಪಾಜೆ ಘಾಟಿಗಳು ತೆರೆದಿವೆಯೇ, ಜಿಲ್ಲೆಗೆ ರೆಡ್ ಅಲರ್ಟ್ ಇದೆಯೇ ಎಂಬುದನ್ನು ಹಿಂದಿನ ಸಂಜೆಯೇ ವಿಚಾರಿಸಿಕೊಂಡು ಹೊರಡಿ.